ಕಿಟಕಿ ಗಾಜಿನ ಮೇಲಿನ ಗಡಸು ನೀರಿನ ಕಲೆಗಳು: ಕಾರಣ ಮತ್ತು ನಿವಾರಣೆ

ನಗರಗಳ ಅನೇಕ ಮನೆಗಳಲ್ಲಿ ಕಿಟಕಿಯ ಗಾಜು ಕೆಲವೇ ವರ್ಷಗಳಲ್ಲಿ ಮಂಕಾಗುತ್ತದೆ. ಅದರ ಮೇಲೆ ಬಿಳಿಯ ಚುಕ್ಕೆಗಳು, ಬಳೆಯಾಕಾರದ ಗುರುತುಗಳು, ಮೇಲಿನಿಂದ ಕೆಳಕ್ಕೆ ಇಳಿದ ಗೆರೆಗಳು ಕಾಣಿಸಿಕೊಳ್ಳುತ್ತವೆ. ಒದ್ದೆ ಬಟ್ಟೆಯಿಂದ ಒರೆಸಿದಾಗ ಇವು ಮಾಯವಾದಂತೆ ತೋರಿ, ಗಾಜು ಒಣಗಿದ ಕೂಡಲೇ ಮರಳಿ ಬರುತ್ತವೆ. ಸಾಬೂನು ಹಚ್ಚಿದರೂ ಹೋಗುವುದಿಲ್ಲ. ಆಗ ಮನೆಯವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ: ಕಲೆಯನ್ನು ಹಾಗೆಯೇ ಬಿಟ್ಟುಬಿಡುವುದು, ಇಲ್ಲವೆ ಅಂಗಡಿಯಿಂದ ತೀಕ್ಷ್ಣವಾದ ಆಸಿಡ್ ತಂದು ಸುರಿಯುವುದು. ಮೊದಲನೆಯದರಿಂದ ಗಾಜು ಶಾಶ್ವತವಾಗಿ ಕೆಡಬಹುದು. ಎರಡನೆಯದರಿಂದ ಮನುಷ್ಯರಿಗೇ ಅಪಾಯವಾಗಬಹುದು. ಅಡಿಗೆಮನೆಯಲ್ಲಿರುವ ಸೌಮ್ಯ ಆಮ್ಲ ಮತ್ತು ಸ್ವಲ್ಪ ತಾಳ್ಮೆ ಇವೆರಡರಿಂದಲೇ ಬಹುಪಾಲು ಕಲೆಗಳನ್ನು ತೆಗೆಯಲು ಸಾಧ್ಯವಿದೆ. ಆದರೆ ಕಲೆಯ ಸ್ವರೂಪವನ್ನು ಮೊದಲು ಅರಿತುಕೊಳ್ಳಬೇಕು.

ಗಡಸು ನೀರು ಎಂದರೇನು?

ಮಳೆಯ ನೀರು ಮೆದುವಾದ ನೀರು. ಅದು ನೆಲಕ್ಕೆ ಬಿದ್ದು ಮಣ್ಣಿನೊಳಗೆ ಇಳಿಯುವಾಗ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ. ಈ ನೀರು ಕಲ್ಲುಬಂಡೆಗಳ ಸಂದುಗಳಲ್ಲಿ ಹರಿಯುತ್ತ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಇಂಥ ಲವಣಗಳು ಹೆಚ್ಚಾಗಿರುವ ನೀರೇ ಗಡಸು ನೀರು. ಇದರಲ್ಲಿ ಸಾಬೂನು ನೊರೆಗೂಡುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ. ಬಚ್ಚಲುಮನೆಯ ಹಂಡೆಯ ಒಳಮೈಗೆ ಹಕ್ಕಳೆಯಂತೆ ಕಟ್ಟುವ ಬಿಳಿಯ ಪದರವನ್ನು ಬಲ್ಲವರಿಗೆ ಗಡಸು ನೀರಿನ ಪರಿಚಯ ಬೇರೆ ಬೇಕಿಲ್ಲ.

ಗಡಸುತನವನ್ನು ಒಂದು ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಲವಣವಿದೆ ಎಂಬುದರ ಮೇಲೆ ಅಳೆಯುತ್ತಾರೆ. ಭಾರತೀಯ ಮಾನಕ ಸಂಸ್ಥೆಯು 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನಕದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ. ಬೇರೆ ನೀರಿನ ಮೂಲವಿಲ್ಲದ ಕಡೆ 600 ಮಿಲಿಗ್ರಾಂವರೆಗೆ ಅವಕಾಶವಿದೆ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. ನೀರು ಶುದ್ಧೀಕರಣ ಯಂತ್ರ ಮಾರುವವರು ಲೋಟದಲ್ಲಿ ಅದ್ದಿ ತೋರಿಸುವ ಟಿಡಿಎಸ್ ಮಾಪಕವು ನೀರಿನಲ್ಲಿ ಕರಗಿದ ಎಲ್ಲ ಲವಣಗಳ ಒಟ್ಟು ಅಂದಾಜನ್ನು ಕೊಡುತ್ತದೆಯೇ ಹೊರತು ಗಡಸುತನವನ್ನು ಪ್ರತ್ಯೇಕವಾಗಿ ಹೇಳುವುದಿಲ್ಲ.

ನೀರಿನ ಗುಣ ಊರಿನಿಂದ ಊರಿಗೆ, ಒಂದೇ ಊರಿನಲ್ಲಿ ಬೀದಿಯಿಂದ ಬೀದಿಗೆ ಬದಲಾಗುತ್ತದೆ. ಮುಂಬಯಿ ನಗರಕ್ಕೆ ತಾನ್ಸಾ, ವೈತರಣಾ, ಭಾತ್ಸಾ ಮೊದಲಾದ ಜಲಾಶಯಗಳಿಂದಲೂ ಪುಣೆಗೆ ಖಡಕವಾಸಲಾ ಕಡೆಯಿಂದಲೂ ಬರುವ ನಲ್ಲಿ ನೀರು ಬಹುಮಟ್ಟಿಗೆ ಮಳೆಯ ನೀರಿನ ಸಂಗ್ರಹವೇ ಆದುದರಿಂದ ಮೆದುವಾಗಿರುತ್ತದೆ. ಅದೇ ಪುಣೆಯ ಹೊರವಲಯದಲ್ಲಿ ಕೊಳವೆಬಾವಿಯನ್ನೋ ಟ್ಯಾಂಕರನ್ನೋ ನಂಬಿದ ವಸತಿ ಸಮುಚ್ಚಯದ ಮಾತು ಬೇರೆ. ಹೈದರಾಬಾದಿನಲ್ಲಿ ಕೃಷ್ಣಾ, ಗೋದಾವರಿ, ಮಂಜೀರಾ ನದಿಗಳ ನೀರು ಬರುವ ಮನೆಗಳಿಗೂ ಕೊಳವೆಬಾವಿಯ ನೀರನ್ನೇ ನೆಚ್ಚಿದ ಮನೆಗಳಿಗೂ ಇರುವ ಅಂತರವನ್ನು ಕಿಟಕಿಯ ಗಾಜೇ ಹೇಳಬಲ್ಲದು. ಚೆನ್ನೈ ಮತ್ತು ದೆಹಲಿಯ ಎಷ್ಟೋ ಬಡಾವಣೆಗಳಲ್ಲಿ ಅಂತರ್ಜಲವು ಗಡಸು ಮಾತ್ರವಲ್ಲ, ಸವುಳೂ ಆಗಿರುತ್ತದೆ.

ಹನಿಯಿಂದ ಕಲೆ

ಗಾಜಿನ ಮೇಲೆ ನಿಂತ ಹನಿ ಆರುವಾಗ ನೀರು ಆವಿಯಾಗಿ ಹೋಗುತ್ತದೆ, ಲವಣ ಉಳಿಯುತ್ತದೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟು ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಕ್ಯಾಲ್ಸಿಯಂ ಕಾರ್ಬೊನೇಟಾಗಿ ಘನರೂಪ ತಾಳುತ್ತದೆ. ಆಂಧ್ರಪ್ರದೇಶದ ಬೇಲಂ ಗುಹೆಗಳಲ್ಲಿ ಸಾವಿರಾರು ವರ್ಷಗಳಿಂದ ಸುಣ್ಣದ ಕೋಡುಗಳನ್ನು ಕಟ್ಟುತ್ತಿರುವುದೂ ಇದೇ ಕ್ರಿಯೆ. ಹನಿಯ ಅಂಚು ಮೊದಲು ಒಣಗುವುದರಿಂದ ಒಳಗಿನ ನೀರು ಅಂಚಿನ ಕಡೆಗೆ ಹರಿದು ಲವಣವನ್ನು ಅಲ್ಲಿಯೇ ಇಳಿಸುತ್ತದೆ. ಕಲೆ ಬಳೆಯಂತೆ ಕಾಣುವುದು ಈ ಕಾರಣದಿಂದ.

ಲೀಟರಿಗೆ 400 ಮಿಲಿಗ್ರಾಂ ಗಡಸುತನದ ನೀರಿನ ಒಂದು ಹನಿಯಲ್ಲಿ ಇರುವ ಲವಣ ಒಂದು ಮಿಲಿಗ್ರಾಮಿನ ಐವತ್ತನೆಯ ಒಂದು ಭಾಗದಷ್ಟು ಮಾತ್ರ. ಆದರೆ ಅದೇ ಜಾಗದ ಮೇಲೆ ದಿನಕ್ಕೊಂದು ಹನಿಯಂತೆ ವರ್ಷವಿಡೀ ಬಿದ್ದು ಆರಿದರೆ ಏಳು ಮಿಲಿಗ್ರಾಮಿನಷ್ಟು ಸುಣ್ಣ ಅಲ್ಲಿ ಕುಳಿತಿರುತ್ತದೆ. ಶುದ್ಧವಾದ ಒಂದು ಲೀಟರ್ ನೀರು ಕರಗಿಸಬಲ್ಲ ಕ್ಯಾಲ್ಸಿಯಂ ಕಾರ್ಬೊನೇಟು ಸುಮಾರು 15 ಮಿಲಿಗ್ರಾಂ ಅಷ್ಟೆ. ಹೀಗಿರುವಾಗ ಒದ್ದೆ ಬಟ್ಟೆಯಲ್ಲಿರುವ ತುಸು ನೀರಿನಿಂದ ಏನಾದೀತು? ಅದೂ ಗಡಸು ನೀರೇ ಆದರೆ ಇದ್ದ ಸುಣ್ಣದ ಮೇಲೆ ಇನ್ನಷ್ಟು ಸುಣ್ಣ ಸೇರುತ್ತದೆ.

ಕಿಟಕಿಯ ಗಾಜಿಗೆ ಈ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಗಮನಿಸಬೇಕು. ಮಳೆಯನ್ನು ದೂರಿ ಪ್ರಯೋಜನವಿಲ್ಲ. ಮಳೆಯ ನೀರಿನಲ್ಲಿ ಸುಣ್ಣವಿಲ್ಲ. ತುಂಬಿ ಹರಿಯುವ ಛಾವಣಿಯ ಟ್ಯಾಂಕು, ಮೇಲಿನ ಮಹಡಿಯವರು ಕುಂಡಗಳಿಗೆ ಹಾಕಿದ ನೀರು, ಕಿಟಕಿಯನ್ನು ಪೈಪಿನಿಂದ ತೊಳೆದು ಒರೆಸದೆ ಬಿಡುವ ಅಭ್ಯಾಸ, ಇವು ಸಾಮಾನ್ಯ ಮೂಲಗಳು. ದೆಹಲಿಯಂಥ ಊರುಗಳಲ್ಲಿ ಬೇಸಿಗೆಯಲ್ಲಿ ಕಿಟಕಿಗೆ ಕೂರಿಸುವ ಕೂಲರು ಇನ್ನೊಂದು ದೊಡ್ಡ ಮೂಲ. ಕೂಲರಿನಿಂದ ಒಂದು ದಿನದಲ್ಲಿ 30 ಲೀಟರ್ ನೀರು ಆವಿಯಾಯಿತೆನ್ನೋಣ. ಆ ನೀರು ಮೇಲೆ ಹೇಳಿದಷ್ಟೇ ಗಡಸಾಗಿದ್ದರೆ 12 ಗ್ರಾಂ ಲವಣ ಹಿಂದೆ ಉಳಿಯುತ್ತದೆ. ತೊಟ್ಟಿಯ ನೀರು ದಿನದಿನಕ್ಕೆ ಗಾಢವಾಗುತ್ತ, ಅದರ ತುಂತುರು ಪಕ್ಕದ ಗಾಜಿನ ಮೇಲೆ ಬೀಳುತ್ತಿರುತ್ತದೆ. ವಾರಕ್ಕೆರಡು ಬಾರಿ ತೊಟ್ಟಿಯ ನೀರನ್ನು ಪೂರ್ತಿ ಖಾಲಿಮಾಡಿ ಹೊಸದಾಗಿ ತುಂಬುವುದರಿಂದ ಇದು ಕಡಿಮೆಯಾಗುತ್ತದೆ. ಸೊಳ್ಳೆಗಳ ದೃಷ್ಟಿಯಿಂದಲೂ ಅದು ಅಗತ್ಯ.

ಎಲ್ಲಕ್ಕಿಂತ ಹಟಮಾರಿಯಾದ ಕಲೆ ಬರುವುದು ಸಿಮೆಂಟಿನಿಂದ. ಹೊಸ ಕಟ್ಟಡದಲ್ಲಿ, ಅಥವಾ ಸಜ್ಜದ ಗಾರೆ ಬಿರುಕುಬಿಟ್ಟ ಹಳೆಯ ಕಟ್ಟಡದಲ್ಲಿ, ಮಳೆಯ ನೀರು ಸಿಮೆಂಟಿನೊಳಗೆ ಇಳಿದು ಅದರ ಸುಣ್ಣವನ್ನು ಕರಗಿಸಿಕೊಂಡು ಗಾಜಿನ ಮೇಲೆ ತೊಟ್ಟಿಕ್ಕುತ್ತದೆ. ಮೆದು ನೀರಿನ ಊರಾದ ಮುಂಬಯಿಯಲ್ಲಿಯೂ ಮಳೆಗಾಲ ಮುಗಿದ ಮೇಲೆ ಗಾಜಿನ ಮೇಲೆ ಬಿಳಿಯ ಗೆರೆಗಳು ಕಾಣಿಸುವುದಕ್ಕೆ ಇದು ಕಾರಣ.

ಗಾಜಿನ ಮೇಲಿನ ಕಲೆ, ಗಾಜಿನದೇ ಕಲೆ

ಕಿಟಕಿಯ ಗಾಜಿನಲ್ಲಿ ಶೇಕಡಾ 70ಕ್ಕಿಂತ ತುಸು ಹೆಚ್ಚು ಭಾಗ ಸಿಲಿಕಾ. ಉಳಿದದ್ದು ಮುಖ್ಯವಾಗಿ ಸೋಡಾ ಮತ್ತು ಸುಣ್ಣ. ಗಾಜು ನೀರಿಗೆ ಜಗ್ಗದ ವಸ್ತು ಎಂಬುದು ಸಾಮಾನ್ಯ ನಂಬಿಕೆ. ಹರಿದು ಹೋಗುವ ನೀರಿನ ವಿಷಯದಲ್ಲಿ ಆ ನಂಬಿಕೆ ಸರಿ. ನಿಂತ ನೀರಿನ ವಿಷಯದಲ್ಲಿ ಪೂರ್ತಿ ಸರಿಯಲ್ಲ. ಗಾಜಿನ ಮೇಲೆ ತೇವವು ಬಹುಕಾಲ ನಿಂತರೆ ಅದು ಗಾಜಿನ ಮೇಲ್ಪದರದಲ್ಲಿರುವ ಸೋಡಿಯಮ್ಮನ್ನು ನಿಧಾನವಾಗಿ ಹೊರಕ್ಕೆಳೆಯುತ್ತದೆ. ಇದರಿಂದ ಆ ತೇವವೇ ಕ್ಷಾರವಾಗುತ್ತದೆ. ಕ್ಷಾರತೆ ಹೆಚ್ಚಿ ಪಿಎಚ್ ಮೌಲ್ಯವು 9ನ್ನು ದಾಟಿತೆಂದರೆ ಗಾಜಿನ ಬೆನ್ನೆಲುಬಾದ ಸಿಲಿಕಾ ಕೂಡ ಸವೆಯತೊಡಗುತ್ತದೆ. ಸಿಮೆಂಟಿನಿಂದ ಇಳಿದ ಸುಣ್ಣದ ನೀರಿನ ಪಿಎಚ್ 12ರ ಆಚೀಚೆ ಇರುತ್ತದೆ. ಅದು ಗಾಜನ್ನು ಎಷ್ಟು ಬೇಗ ಕೆಡಿಸಬಹುದೆಂಬುದನ್ನು ಇದರಿಂದ ಊಹಿಸಬಹುದು.

ಕಲೆಗಳಲ್ಲಿ ಹೀಗೆ ಎರಡು ಜಾತಿ. ಮೊದಲನೆಯದು ಗಾಜಿನ ಮೇಲೆ ಕುಳಿತ ಸುಣ್ಣ. ಅದನ್ನು ಆಮ್ಲದಿಂದ ಕರಗಿಸಬಹುದು. ಎರಡನೆಯದು ಗಾಜೇ ಸವೆದು ಉಂಟಾದ ಸೂಕ್ಷ್ಮ ಕುಳಿ. ಅಲ್ಲಿ ಕರಗಿಸಲು ಏನೂ ಇಲ್ಲ. ಇಲ್ಲದ ವಸ್ತುವನ್ನು ತೆಗೆಯುವ ಹಟದಲ್ಲಿಯೇ ಜನರು ಒಂದಕ್ಕಿಂತ ಒಂದು ತೀಕ್ಷ್ಣವಾದ ದ್ರವಗಳನ್ನು ತರುತ್ತ ಹೋಗುತ್ತಾರೆ.

ಇವೆರಡನ್ನು ಗುರುತಿಸುವುದು ಕಠಿಣವಲ್ಲ. ಗಾಜು ಒಣಗಿರುವಾಗ ಕಲೆಯ ಮೇಲೆ ಉಗುರು ಎಳೆದರೆ ಸುಣ್ಣದ ಕಲೆ ಉಬ್ಬಾಗಿ, ಒರಟಾಗಿ ತಾಗುತ್ತದೆ. ಸವೆದ ಗಾಜು ನುಣುಪಾಗಿದ್ದು ಮಂಜು ಮುಸುಕಿದಂತೆ ಕಾಣುತ್ತದೆ. ಒಂದು ಪಾರ್ಶ್ವದಿಂದ ನೋಡಿದರೆ ಕೆಲವೊಮ್ಮೆ ಅದರಲ್ಲಿ ಕಾಮನಬಿಲ್ಲಿನ ಬಣ್ಣಗಳು ಹೊಳೆಯುವುದೂ ಉಂಟು. ಖಚಿತವಾದ ಪರೀಕ್ಷೆಯೆಂದರೆ ಕಲೆಯ ಒಂದು ಮೂಲೆಗೆ ವಿನೆಗರಿನಲ್ಲಿ ನೆನೆಸಿದ ಹತ್ತಿಯನ್ನು ಕಾಲು ಗಂಟೆ ಅಂಟಿಸಿ, ತೊಳೆದು, ಪೂರ್ತಿ ಒಣಗಿಸಿ ನೋಡುವುದು. ಒಣಗಿಸಿ ನೋಡುವುದು ಮುಖ್ಯ. ಒದ್ದೆಯಾಗಿರುವಾಗ ನೀರು ಕುಳಿಗಳನ್ನೆಲ್ಲ ತುಂಬುವುದರಿಂದ ಎಂಥ ಕೆಟ್ಟ ಗಾಜೂ ತಿಳಿಯಾಗಿಯೇ ಕಾಣುತ್ತದೆ. ಒಣಗಿದ ಮೇಲೆ ಆ ಮೂಲೆ ಸುತ್ತಲಿನ ಭಾಗಕ್ಕಿಂತ ಸ್ವಲ್ಪವಾದರೂ ತಿಳಿಯಾಗಿದ್ದರೆ ಕಲೆ ಮೊದಲನೆಯ ಜಾತಿಯದು, ಕೆಲಸ ಮುಂದುವರಿಸಬಹುದು.

ಸುಣ್ಣದ ಪದರವನ್ನು ಬಹುಕಾಲ ಬಿಟ್ಟರೆ ಅದರ ಅಡಿಯಲ್ಲಿ ತೇವ ನಿಂತು ಎರಡನೆಯ ಬಗೆಯ ಹಾನಿ ಆರಂಭವಾಗುತ್ತದೆ. ಮೊದಲ ತಿಂಗಳಲ್ಲಿ ಅರ್ಧ ನಿಂಬೆಹಣ್ಣಿಗೆ ಹೋಗುವ ಕಲೆ ಮೂರು ವರ್ಷಗಳ ಮೇಲೆ ಯಾವುದಕ್ಕೂ ಬಗ್ಗದಿರಬಹುದು.

ತೆಗೆಯುವ ಕ್ರಮ

ಕೆಲಸಕ್ಕೆ ಬಿಸಿಲಿಲ್ಲದ ಹೊತ್ತನ್ನು ಆರಿಸಿಕೊಳ್ಳಬೇಕು. ಕಾದ ಗಾಜಿನ ಮೇಲೆ ಆಮ್ಲ ಕೆಲಸಮಾಡುವ ಮೊದಲೇ ಆರಿಬಿಡುತ್ತದೆ. ಮೊದಲು ಗಾಜಿನ ಧೂಳನ್ನು ಸಾಕಷ್ಟು ನೀರು ಮತ್ತು ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವದಿಂದ ತೊಳೆದು ತೆಗೆಯಬೇಕು. ಈ ಹಂತವನ್ನು ಬಿಟ್ಟು ನೇರವಾಗಿ ಉಜ್ಜಲು ತೊಡಗುವವರು ಗಾಜಿಗೆ ಗೀರು ಹಾಕುತ್ತಾರೆ. ಖನಿಜಗಳ ಕಾಠಿಣ್ಯವನ್ನು ಅಳೆಯುವ ಮೋಸ್ ಮಾಪಕದಲ್ಲಿ ಸುಣ್ಣದ ಕಲೆಯ ಕಾಠಿಣ್ಯ 3, ಗಾಜಿನದು ಸುಮಾರು 5.5, ಧೂಳಿನಲ್ಲಿರುವ ಬೆಣಚುಕಲ್ಲಿನ ಕಣದ್ದು 7. ಗಾಜಿಗಿಂತ ಮೆದುವಾದ ಕಲೆಯಿಂದ ಗಾಜಿಗೆ ಭಯವಿಲ್ಲ, ಗಾಜಿಗಿಂತ ಗಟ್ಟಿಯಾದ ಧೂಳಿನಿಂದ ಇದೆ.

ಬೇಕಾದ ಆಮ್ಲ ಎರಡರಲ್ಲಿ ಒಂದು. ಬಿಳಿಯ ವಿನೆಗರಿನಲ್ಲಿ ನೂರಕ್ಕೆ ಸುಮಾರು 4ರಿಂದ 5 ಭಾಗ ಅಸಿಟಿಕ್ ಆಮ್ಲವಿರುತ್ತದೆ. ಇದನ್ನು ನೀರು ಬೆರೆಸದೆಯೇ ಬಳಸಬೇಕು. ಸಿಟ್ರಿಕ್ ಆಮ್ಲದ ಹರಳುಗಳು ಕಿರಾಣಿ ಅಂಗಡಿಗಳಲ್ಲಿ ಸಿಗುತ್ತವೆ. ಉತ್ತರದ ಕಡೆ ‘ನಿಂಬೂ ಸತ್’ ಎಂದೂ ಮುಂಬಯಿಯಲ್ಲಿ ‘ಲಿಂಬು ಫೂಲ್’ ಎಂದೂ ಕೇಳಿದರೆ ಕೊಡುತ್ತಾರೆ. ಒಂದು ಲೋಟ ಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚದಷ್ಟು ಹರಳು ಸಾಕು. ಎರಡೂ ಸಿಗದಿದ್ದರೆ ನಿಂಬೆಯ ರಸವೇ ಆಗಬಹುದು. ಹಿತ್ತಾಳೆಯ ಪಾತ್ರೆಗೆ ಒಗ್ಗುವ ಹುಣಸೆಹಣ್ಣು ಇಲ್ಲಿ ಅಷ್ಟಾಗಿ ಸಲ್ಲದು. ಅದರ ಆಮ್ಲವು ಸುಣ್ಣದೊಡನೆ ಕೂಡಿ ಕರಗದ ಇನ್ನೊಂದು ಲವಣವನ್ನು ಉಂಟುಮಾಡುತ್ತದೆ, ಕಂದು ಬಣ್ಣವೂ ಚೌಕಟ್ಟಿಗೆ ಅಂಟುತ್ತದೆ.

ನಿಂತ ಗಾಜಿನ ಮೇಲೆ ದ್ರವ ನಿಲ್ಲುವುದಿಲ್ಲ. ಸಿಂಪಡಿಸಿದ್ದು ಕ್ಷಣದಲ್ಲಿ ಕೆಳಗಿಳಿದು ಹೋಗುತ್ತದೆ. ವಿನೆಗರು ಹಾಕಿ ನೋಡಿದೆವು, ಏನೂ ಆಗಲಿಲ್ಲ ಎನ್ನುವವರಲ್ಲಿ ಹೆಚ್ಚಿನವರಿಗೆ ಆಗಿರುವುದು ಇದೇ ತೊಂದರೆ. ಆದ್ದರಿಂದ ಹಳೆಯ ಹತ್ತಿ ಬಟ್ಟೆಯನ್ನು ಆಮ್ಲದಲ್ಲಿ ನೆನೆಸಿ, ಜ್ವರ ಬಂದವರ ಹಣೆಗೆ ಒದ್ದೆ ಬಟ್ಟೆ ಹಾಕುವಂತೆ, ಕಲೆಯ ಮೇಲೆ ಹರಡಿ ಅಂಟಿಸಬೇಕು. ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆಯೊಂದನ್ನು ಒತ್ತಿದರೆ ಬೇಗ ಆರುವುದಿಲ್ಲ. ಇಪ್ಪತ್ತು ನಿಮಿಷಗಳ ಕಾಲ ಹಾಗೆಯೇ ಬಿಟ್ಟು, ಮಧ್ಯದಲ್ಲಿ ಒಂದೆರಡು ಬಾರಿ ಆಮ್ಲವನ್ನು ಚಿಮುಕಿಸುತ್ತಿರಬೇಕು. ಈ ಅವಧಿಯಲ್ಲಿ ಸುಣ್ಣವು ಆಮ್ಲದೊಡನೆ ಕೂಡಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತ ಕರಗುತ್ತದೆ. ಪದರ ದಪ್ಪವಾಗಿದ್ದರೆ ಸಣ್ಣ ಗುಳ್ಳೆಗಳು ಕಣ್ಣಿಗೂ ಕಾಣುತ್ತವೆ.

ಅನಂತರ ಬಟ್ಟೆಯನ್ನು ತೆಗೆದು, ಗಾಜು ಒದ್ದೆಯಾಗಿರುವಾಗಲೇ ನೈಲಾನ್ ಜಾಲರಿಯ ಮೆತ್ತೆಯಿಂದ ಹಗುರವಾಗಿ ವರ್ತುಲಾಕಾರದಲ್ಲಿ ಉಜ್ಜಬೇಕು. ಅಂಚಿನ ಬಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು ಅನುಕೂಲ. ಉಕ್ಕಿನ ನಾರು ಮತ್ತು ಮರಳು ಕಾಗದಗಳನ್ನು ಮುಟ್ಟಬಾರದು. ಒಂದೇ ಸಲಕ್ಕೆ ಪೂರ್ತಿ ಹೋಗದಿದ್ದರೆ ಬಲ ಹೆಚ್ಚಿಸುವ ಬದಲು ಸಲ ಹೆಚ್ಚಿಸಬೇಕು. ವರ್ಷಗಟ್ಟಲೆಯ ಕಲೆಗೆ ಮೂರು ನಾಲ್ಕು ಬಾರಿ ಬೇಕಾಗಬಹುದು. ಸಿಮೆಂಟಿನ ದಪ್ಪ ಹೆಪ್ಪುಗಳನ್ನು ಆಮ್ಲದಲ್ಲಿ ನೆನೆಸಿದ ಮೇಲೆ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಕೆರೆದು ತೆಗೆಯಬಹುದು. ಕೆಲವರು ಬ್ಲೇಡನ್ನು ಬಳಸುತ್ತಾರೆ. ಸಾಮಾನ್ಯ ಗಾಜಿನ ಮೇಲೆ, ಸಾಬೂನು ನೀರಿನಿಂದ ಚೆನ್ನಾಗಿ ನೆನೆಸಿ, ಒಂದೇ ದಿಕ್ಕಿನಲ್ಲಿ ಓರೆಯಾಗಿ ಎಳೆದರೆ ಅದು ನಡೆಯುತ್ತದೆ. ಟಫನ್ಡ್ ಗಾಜಿನ ಮೇಲೆ ಗೀರು ಬೀಳುವ ಸಂಭವ ಹೆಚ್ಚು. ಬಿಸಿಲನ್ನು ಪ್ರತಿಫಲಿಸುವ ಲೇಪನವಿರುವ ಗಾಜಿಗೆ ಬ್ಲೇಡೂ ಬೇಡ, ಆಮ್ಲವೂ ಬೇಡ. ಲೇಪನ ಯಾವ ಮೈಯಲ್ಲಿದೆ ಎಂಬುದನ್ನು ಗಾಜು ಒದಗಿಸಿದವರಿಂದ ತಿಳಿದುಕೊಂಡ ಮೇಲೆಯೇ ಕೈಹಾಕಬೇಕು.

ವಿನೆಗರಿಗೆ ಅಡಿಗೆ ಸೋಡಾ ಬೆರೆಸಿದರೆ ಗುಣ ಇಮ್ಮಡಿಯಾಗುತ್ತದೆಂಬ ಮಾತು ಬಹಳ ಕೇಳಿಬರುತ್ತದೆ. ನೊರೆ ಬುಸುಬುಸು ಏಳುವುದೇನೋ ನಿಜ. ಆದರೆ ಸೋಡಾ ಕ್ಷಾರ, ವಿನೆಗರು ಆಮ್ಲ. ಒಂದು ಇನ್ನೊಂದನ್ನು ತಿಂದುಹಾಕಿ ಸುಣ್ಣಕ್ಕೆ ಏನೂ ಉಳಿಯುವುದಿಲ್ಲ. ಬೂದಿಯ ಮಾತೂ ಹೀಗೆಯೇ. ಲಾಟೀನಿನ ಗಾಜನ್ನು ಬೂದಿಯಿಂದ ಬೆಳಗುತ್ತಿದ್ದ ಹಿರಿಯರ ಕ್ರಮ ಮಸಿಯ ಮಟ್ಟಿಗೆ ಸರಿಯಾದುದೇ. ಬೂದಿ ಕ್ಷಾರವಾದುದರಿಂದ ಸುಣ್ಣದ ಮೇಲೆ ಅದರ ಪ್ರಭಾವವಿಲ್ಲ.

ಬಚ್ಚಲುಮನೆಯ ಗಾಜಿನ ಮೇಲೆ ಸುಣ್ಣದ ಜೊತೆಗೆ ಸಾಬೂನಿನ ಜಿಡ್ಡೂ ಸೇರಿರುತ್ತದೆ. ಅಲ್ಲಿ ಮೊದಲು ಆಮ್ಲ, ಅನಂತರ ಪಾತ್ರೆ ತೊಳೆಯುವ ದ್ರವ, ಈ ಅನುಕ್ರಮವನ್ನು ಪಾಲಿಸಬೇಕು.

ಕೊನೆಯ ನೀರು

ಕಲೆ ಹೋದ ಮೇಲೆ ಗಾಜನ್ನು ತೊಳೆಯುವ ನೀರು ಯಾವುದು ಎಂಬುದಕ್ಕೆ ಗಮನ ಕೊಡುವವರು ವಿರಳ. ಆಮ್ಲ ಹಚ್ಚಿದ ಗಾಜನ್ನು ಒಣಗಲು ಬಿಡಬಾರದು. ವಿಶೇಷವಾಗಿ ಸಿಟ್ರಿಕ್ ಆಮ್ಲದಿಂದ ಉಂಟಾಗುವ ಲವಣವು ನೀರಿನಲ್ಲಿ ಸುಲಭವಾಗಿ ಕರಗದೆ ಬಿಳಿಯ ಪುಡಿಯಾಗಿ ಉಳಿಯುತ್ತದೆ. ಆದ್ದರಿಂದ ಕೂಡಲೇ ಧಾರಾಳವಾಗಿ ತೊಳೆಯಬೇಕು. ಗಡಸು ನೀರಿನ ಮನೆಯಲ್ಲಿ ಹೀಗೆ ತೊಳೆದು ಬಿಟ್ಟರೆ ಮರುದಿನವೇ ಹೊಸ ಕಲೆ ಮೂಡುತ್ತದೆ. ಕೊನೆಯ ಸಲಕ್ಕೆ ಒಂದು ತಂಬಿಗೆ ಮೆದು ನೀರು ಸಾಕು. ಶೇಖರಿಸಿದ ಮಳೆಯ ನೀರು, ಹವಾನಿಯಂತ್ರಣ ಯಂತ್ರದಿಂದ ತೊಟ್ಟಿಕ್ಕಿದ ನೀರನ್ನು ಸೋಸಿಕೊಂಡದ್ದು, ಇಲ್ಲವೆ ಕುದಿಸಿ ಆರಿಸಿ ಬಸಿದ ನೀರು, ಯಾವುದಾದರೂ ಆದೀತು. ಕುದಿಸಿದಾಗ ಬೈಕಾರ್ಬೊನೇಟಿನಿಂದಾದ ತಾತ್ಕಾಲಿಕ ಗಡಸುತನ ತಳದಲ್ಲಿ ಕುಳಿತುಬಿಡುತ್ತದೆ. ಸಲ್ಫೇಟು, ಕ್ಲೋರೈಡುಗಳಿಂದಾದ ಶಾಶ್ವತ ಗಡಸುತನ ಹೋಗುವುದಿಲ್ಲ.

ನೀರಿನ ಉಳಿತಾಯಕ್ಕಾಗಿ ಅನೇಕ ಗೃಹಿಣಿಯರು ಆರ್‌ಒ ಯಂತ್ರದಿಂದ ಹೊರಬೀಳುವ ತ್ಯಾಜ್ಯ ನೀರನ್ನು ಹಿಡಿದಿಟ್ಟು ನೆಲ ಒರೆಸಲು ಬಳಸುತ್ತಾರೆ. ಇದು ಶ್ಲಾಘನೀಯ. ಆದರೆ ಆ ನೀರಿನಲ್ಲಿ ಮೂಲ ನೀರಿಗಿಂತಲೂ ಹೆಚ್ಚು ಲವಣವಿರುತ್ತದೆ. ಅದನ್ನು ನೆಲಕ್ಕೆ ಹಾಕಬಹುದು, ಶೌಚಾಲಯಕ್ಕೆ ಹಾಕಬಹುದು. ಗಾಜಿಗೆ ಮಾತ್ರ ಹಾಕಬಾರದು.

ತೊಳೆದ ಗಾಜನ್ನು ರಬ್ಬರ್ ಅಂಚಿನ ವೈಪರಿನಿಂದ ಮೇಲಿನಿಂದ ಕೆಳಕ್ಕೆ ಎಳೆದು, ಉಳಿದ ತೇವವನ್ನು ಒಣ ಬಟ್ಟೆಯಿಂದಲೋ ಹಳೆಯ ವೃತ್ತಪತ್ರಿಕೆಯಿಂದಲೋ ಒರೆಸಬೇಕು. ಒರೆಸಿ ಒಣಗಿಸಿದ ಗಾಜಿಗೆ, ನೀರು ಎಷ್ಟೇ ಗಡಸಾಗಿರಲಿ, ಕಲೆ ಬರುವುದಿಲ್ಲ.

ಕಿಟಕಿಯ ಕೆಳಗಿನ ಹಾಸುಗಲ್ಲನ್ನು ಕಾಪಾಡುವುದೂ ಅಗತ್ಯ. ಅಮೃತಶಿಲೆ, ಕಡಪ ಕಲ್ಲು, ಕಲಬುರಗಿ ಜಿಲ್ಲೆಯ ಶಹಾಬಾದಿನ ಹೆಸರಿನಲ್ಲಿ ಹೈದರಾಬಾದು, ಪುಣೆಗಳವರೆಗೂ ಹಬ್ಬಿರುವ ಶಹಾಬಾದ್ ಕಲ್ಲು, ಇವೆಲ್ಲ ಕ್ಯಾಲ್ಸಿಯಂ ಕಾರ್ಬೊನೇಟಿನ ಕಲ್ಲುಗಳೇ. ಗಾಜಿನ ಕಲೆಯೂ ಹಾಸುಗಲ್ಲೂ ಒಂದೇ ವಸ್ತುವಾದ ಮೇಲೆ ಆಮ್ಲವು ಇದು ಕಲೆ, ಇದು ಕಲ್ಲು ಎಂದು ಭೇದವೆಣಿಸುವುದಿಲ್ಲ. ನಿಂಬೆಯ ರಸ ಬಿದ್ದರೂ ಮೆರುಗು ಹೋಗುತ್ತದೆ. ಮೊದಲೇ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಹಳೆಯ ಟವಲನ್ನು ಹರಡುವುದು ಕ್ಷೇಮ. ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ಬಿದ್ದ ಆಮ್ಲವನ್ನೂ ತಡಮಾಡದೆ ಒರೆಸಬೇಕು.

ತೀಕ್ಷ್ಣ ಆಮ್ಲಗಳ ಅಪಾಯ

ಬಚ್ಚಲುಮನೆ ತೊಳೆಯಲೆಂದು ಬಾಟಲಿಗಳಲ್ಲಿ ಮಾರುವ ‘ಆಸಿಡ್’ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಅದು ಸುಣ್ಣವನ್ನು ಕ್ಷಣಾರ್ಧದಲ್ಲಿ ಕರಗಿಸುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಜೊತೆಗೆ ಅಲ್ಯೂಮಿನಿಯಂ ಚೌಕಟ್ಟನ್ನೂ, ಹಾಸುಗಲ್ಲನ್ನೂ, ಸಿಮೆಂಟಿನ ಗಾರೆಯನ್ನೂ ತಿನ್ನುತ್ತದೆ. ಅದರ ಹೊಗೆ ಕಣ್ಣು, ಮೂಗು, ಶ್ವಾಸಕೋಶಗಳನ್ನು ಸುಡುತ್ತದೆ. ಕಿಟಕಿಯನ್ನು ತೊಳೆಯುವಾಗ ಕೈ ಮುಖಕ್ಕಿಂತ ಮೇಲಿರುತ್ತದೆ ಎಂಬುದನ್ನು ಮರೆಯಬಾರದು. ದ್ರವ ಮಣಿಕಟ್ಟಿನಿಂದ ತೋಳಿಗೆ, ತೋಳಿನಿಂದ ಮುಖಕ್ಕೆ ಇಳಿಯುತ್ತದೆ. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಸಿಡ್ ದಾಳಿಗಳನ್ನು ತಡೆಯುವ ಸಲುವಾಗಿ ಚಿಲ್ಲರೆ ಮಾರಾಟದ ಮೇಲೆ ನಿರ್ಬಂಧಗಳನ್ನು ವಿಧಿಸಿತು. ಕೊಳ್ಳುವವರ ವಿವರಗಳನ್ನು ಬರೆದಿಡಬೇಕು, ಗುರುತಿನ ಚೀಟಿ ನೋಡಬೇಕು, 18 ವರ್ಷದೊಳಗಿನವರಿಗೆ ಮಾರಕೂಡದು ಎಂಬುವು ಅವುಗಳಲ್ಲಿ ಸೇರಿವೆ.

ಇನ್ನೂ ಘೋರವಾದುದು ಎರಡು ದ್ರವಗಳ ಬೆರಕೆ. ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ದ್ರವಕ್ಕೆ ಯಾವುದೇ ಆಮ್ಲ ಸೇರಿದರೂ ಕ್ಲೋರಿನ್ ಅನಿಲ ಹುಟ್ಟುತ್ತದೆ. ಇದು ಗಾಳಿಗಿಂತ ಭಾರವಾದ ವಿಷಾನಿಲ. ಬಾಗಿಲು ಮುಚ್ಚಿದ ಚಿಕ್ಕ ಬಚ್ಚಲುಮನೆಯಲ್ಲಿ ಇದು ಪ್ರಾಣಕ್ಕೇ ಎರವಾಗಬಹುದು. ವಿನೆಗರಿನಂಥ ಸೌಮ್ಯ ಆಮ್ಲಕ್ಕೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಬೆಳಿಗ್ಗೆ ಬ್ಲೀಚ್ ಹಾಕಿದ ಜಾಗಕ್ಕೆ ತೊಳೆಯದೆ ಮಧ್ಯಾಹ್ನ ಆಮ್ಲ ಹಾಕುವುದೂ ಬೆರಕೆಯೇ.

ಗಾಜಿನ ಕಲೆ ತೆಗೆಯಲೆಂದು, ತುಕ್ಕು ತೆಗೆಯಲೆಂದು ಮಾರುವ ಕೆಲವು ದ್ರವಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಇವು ಗಾಜನ್ನೇ ಕರಗಿಸುವ ವಸ್ತುಗಳು. ಚರ್ಮಕ್ಕೆ ತಾಗಿದಾಗ ದುರ್ಬಲ ದ್ರಾವಣವಾದರೆ ಮೊದಲು ಉರಿಯೂ ಆಗದಿರಬಹುದು. ಗಂಟೆಗಳು ಕಳೆದ ಮೇಲೆ ಅಸಹನೀಯ ನೋವು ಆರಂಭವಾಗುವಷ್ಟರಲ್ಲಿ ಅದು ಆಳಕ್ಕಿಳಿದು ದೇಹದ ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡು ಹೃದಯದ ಬಡಿತಕ್ಕೂ ಅಡ್ಡಿಯುಂಟುಮಾಡಬಹುದು. ಬಾಟಲಿಯ ಮೇಲೆ ಈ ಹೆಸರುಗಳಿದ್ದರೆ ಅದನ್ನು ಮನೆಗೆ ತರಬಾರದು. ಹೆಸರೇ ಇಲ್ಲದ ಬಾಟಲಿಯನ್ನಂತೂ ಮುಟ್ಟಲೇಬಾರದು. ಯಾವ ಆಮ್ಲ ಕಣ್ಣಿಗೆ ಬಿದ್ದರೂ ರೆಪ್ಪೆ ಬಿಡಿಸಿ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ವೈದ್ಯರ ಬಳಿಗೆ ಹೋಗಬೇಕು. ಹೋಗುವಾಗ ಬಾಟಲಿಯನ್ನೂ ಒಯ್ದರೆ ಚಿಕಿತ್ಸೆಗೆ ಅನುಕೂಲ.

ಇಂಥ ಕೆಲಸವನ್ನು ಹೆಚ್ಚಿನ ಮನೆಗಳಲ್ಲಿ ಮಾಡುವವರು ಮನೆಗೆಲಸದ ಹೆಂಗಸರು. ಬಾಟಲಿಯ ಮೇಲಿನ ಅಕ್ಷರಗಳನ್ನು ಅವರು ಓದಬಲ್ಲವರಾಗಿರಲಿಕ್ಕಿಲ್ಲ, ಓದಬಲ್ಲವರಿಗೂ ಆ ಭಾಷೆ ಬಾರದಿರಬಹುದು. ಅವರ ಕೈಗೆ ರಬ್ಬರ್ ಕೈಚೀಲ ಕೊಟ್ಟು, ಬಳಸುವ ವಸ್ತುವೇನೆಂಬುದನ್ನು ತಿಳಿಸುವುದು ಮನೆಯವರ ಹೊಣೆ. ಮೇಲಿನ ಮಹಡಿಗಳಲ್ಲಿ ಹೊರಮೈಯನ್ನು ತೊಳೆಯಲು ಕಿಟಕಿಯ ಹಾಸುಗಲ್ಲಿನ ಮೇಲೆ ನಿಲ್ಲುವುದಾಗಲಿ, ಯಾರನ್ನಾದರೂ ನಿಲ್ಲಿಸುವುದಾಗಲಿ ಕೂಡದು. ಜಾರುಕಿಟಕಿಯ ಎಷ್ಟೋ ಬಾಗಿಲುಗಳನ್ನು ತಿಳಿದವರು ಒಳಗಿನಿಂದಲೇ ಮೇಲಕ್ಕೆತ್ತಿ ಕಳಚಿಕೊಡುತ್ತಾರೆ. ನೆಲದ ಮೇಲಿಟ್ಟು ತೊಳೆದು ಮತ್ತೆ ಕೂರಿಸಬಹುದು.

ಹೋಗದೆ ಉಳಿದ ಕಲೆ

ನಾಲ್ಕು ಬಾರಿ ಆಮ್ಲದ ಪಟ್ಟಿ ಹಾಕಿದ ಮೇಲೂ ಮಂಕು ಉಳಿದರೆ ಅದು ಗಾಜಿನದೇ ಸವೆತ, ಇಲ್ಲವೆ ಆಮ್ಲಕ್ಕೆ ಕರಗದ ಸಿಲಿಕಾದ ತೆಳುವಾದ ಪೊರೆ. ಇದಕ್ಕೆ ಇರುವುದು ಮೆರುಗು ಹಾಕುವ ಉಪಾಯವೊಂದೇ. ಸೀರಿಯಂ ಆಕ್ಸೈಡ್ ಎಂಬ ನುಣುಪಾದ ಪುಡಿಯನ್ನು ನೀರಿನಲ್ಲಿ ಕಲಸಿ, ಉಣ್ಣೆಯ ಮೆತ್ತೆಯಿಂದ ಉಜ್ಜಿದರೆ ಗಾಜಿನ ಮೇಲ್ಮೈ ಕೂದಲೆಳೆಗಿಂತಲೂ ಎಷ್ಟೋ ತೆಳ್ಳಗೆ ಸವೆದು ಸಮವಾಗುತ್ತದೆ. ಕನ್ನಡಕದ ಗಾಜಿಗೆ ಮೆರುಗು ಕೊಡುವುದೂ ಈ ಪುಡಿಯಿಂದಲೇ. ಸೀರಿಯಂ ಧಾತು ಕೇರಳದ ಕಡಲತೀರದ ಮೊನಜೈಟ್ ಮರಳಿನಲ್ಲಿ ದೊರೆಯುತ್ತದೆ. ಗಾಜಿನ ವ್ಯಾಪಾರಿಗಳ ಬಳಿ ಪುಡಿ ಸಿಗುತ್ತದೆ. ಆದರೆ ಕೈಯಿಂದ ಉಜ್ಜುವುದು ಅಂಗೈಯಗಲದ ಕಲೆಗೆ ಸರಿ, ಇಡೀ ಕಿಟಕಿಗೆ ಅಲ್ಲ. ಯಂತ್ರದಿಂದ ಅವಸರದಲ್ಲಿ ಮಾಡಿಸಿದರೆ ಗಾಜು ಕಾದು ಬಿರಿಯಬಹುದು, ಏರುತಗ್ಗಾಗಿ ಆಚೆಯ ದೃಶ್ಯ ಅಲುಗಿದಂತೆ ಕಾಣಬಹುದು. ಸಾಧಾರಣ ಗಾಜಾದರೆ ಹೊಸದನ್ನು ಹಾಕಿಸುವುದೇ ಅನೇಕ ಸಲ ಅಗ್ಗವಾಗುತ್ತದೆ.

ಹೊಸ ಗಾಜು ಹಾಕಿಸುವ ಮೊದಲು ಮೇಲಿನ ಸಜ್ಜವನ್ನು ನೋಡಿಸಬೇಕು. ಸಜ್ಜದ ಕೆಳಮೈಯಲ್ಲಿ, ಹೊರ ಅಂಚಿನಿಂದ ಒಂದೆರಡು ಅಂಗುಲ ಒಳಗೆ, ಉದ್ದಕ್ಕೂ ಒಂದು ಸಣ್ಣ ಗಾಡಿಯನ್ನು ಬಿಡುವುದು ಗಾರೆಯ ಕೆಲಸದವರ ಪದ್ಧತಿ. ಅಂಚಿನಿಂದ ಒಳಕ್ಕೆ ಹರಿಯುವ ನೀರು ಆ ಗಾಡಿಯ ಬಳಿ ತಡೆದು ಕೆಳಗೆ ಬೀಳುತ್ತದೆ, ಗೋಡೆಯವರೆಗೆ ಬರುವುದಿಲ್ಲ. ಬಣ್ಣ ಬಳಿಯುವಾಗ ಪುಟ್ಟಿ ತುಂಬಿ ಇದನ್ನು ಮುಚ್ಚಿಬಿಟ್ಟಿರುವ ಕಟ್ಟಡಗಳು ಬಹಳ. ಅದನ್ನು ಬಿಡಿಸಿ, ಸಜ್ಜದ ಮೇಲಿನ ಬಿರುಕುಗಳಿಗೆ ನೀರು ತಡೆಯುವ ಗಾರೆ ತುಂಬಿಸುವುದು ಮೇಸ್ತ್ರಿಗೆ ಒಂದು ದಿನದ ಕೆಲಸ, ಮತ್ತು ಮಳೆಗಾಲಕ್ಕೆ ಮುಂಚೆ ಆಗಬೇಕಾದ ಕೆಲಸ.